ಬೆಳ್ಳಿಯಲ್ಲಿ ಮೂಡುವ ನೆನಪು

ಹೊಸದು ಬಂದೊಡನೆ ಹಳೆಯದು ಮೂಲೆ ಸೇರುವುದು ಲೋಕರೂಢಿ. ಮಿಕ್ಸಿ ಬಂದ ಮೇಲೆ ಒರಳುಕಲ್ಲು ಹಿತ್ತಿಲಿಗೆ ಹೋಯಿತು. ಆದರೆ ಫಿಲ್ಮಿನ ಕ್ಯಾಮರಾ ಮಾತ್ರ ಈ ರೂಢಿಗೆ ಪೂರ್ತಿ ತಲೆಬಾಗಲಿಲ್ಲ. ಜೇಬಿನ ಫೋನಿನಲ್ಲಿಯೇ ಸಾವಿರಾರು ಚಿತ್ರಗಳನ್ನು ತೆಗೆಯಬಹುದಾದ ಇಂದಿನ ದಿನಗಳಲ್ಲಿಯೂ, ಫಿಲ್ಮು ಕೊಂಡು, ಎಣಿಸಿ ಎಣಿಸಿ ಚಿತ್ರ ತೆಗೆಯುವ ತರುಣ ತರುಣಿಯರಿದ್ದಾರೆ.

ಛಾಯಾಗ್ರಹಣವನ್ನು ಮನೆಮಂದಿಯ ಕೈಗೆ ಎಟುಕಿಸಿದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. ಅವನ ‘ಕೊಡ್ಯಾಕ್’ ಕ್ಯಾಮರಾ ೧೮೮೮ರಲ್ಲಿ ಮಾರುಕಟ್ಟೆಗೆ ಬಂದಿತು. ವಿಧಿಯ ವಿನೋದವೆಂದರೆ, ಫಿಲ್ಮಿಗೆ ಸಂಚಕಾರ ತಂದ ಯಂತ್ರವೂ ಅದೇ ಕಂಪನಿಯಲ್ಲಿ ಹುಟ್ಟಿತು. ೧೯೭೫ರಲ್ಲಿ ಅಲ್ಲಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮಿಲ್ಲದ ಡಿಜಿಟಲ್ ಕ್ಯಾಮರಾವೊಂದನ್ನು ನಿರ್ಮಿಸಿದನು. ಒಂದು ಕಪ್ಪು ಬಿಳುಪು ಚಿತ್ರ ಟೇಪಿನಲ್ಲಿ ದಾಖಲಾಗಲು ಅದಕ್ಕೆ ೨೩ ಸೆಕೆಂಡು ಬೇಕಾಗಿತ್ತು! ಆ ಕೂಸು ಬೆಳೆದು ಹೆತ್ತ ಮನೆಯನ್ನೇ ಅಲುಗಿಸಿತು. ಪ್ರಸಿದ್ಧ ‘ಕೊಡಾಕ್ರೋಮ್’ ಫಿಲ್ಮಿನ ತಯಾರಿಕೆ ೨೦೦೯ರಲ್ಲಿ ನಿಂತಿತು. ೨೦೧೨ರಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಅದೇ ವರ್ಷ ನಿಲ್ಲಿಸುವುದಾಗಿ ಸಾರಿದ ‘ಎಕ್ಟಾಕ್ರೋಮ್’ ಫಿಲ್ಮು ಮಾತ್ರ, ಬೇಡಿಕೆ ಚಿಗುರಿದ್ದರಿಂದ, ೨೦೧೮ರಲ್ಲಿ ಮತ್ತೆ ಅಂಗಡಿಗೆ ಬಂದಿತು.

ಈ ಮೋಹಕ್ಕೆ ಕಾರಣವೇನು? ಮೊದಲನೆಯದು ಸಂಯಮ. ಒಂದು ಸುರುಳಿಯಲ್ಲಿ ದೊರೆಯುವುದು ಸಾಮಾನ್ಯವಾಗಿ ೩೬ ಚಿತ್ರಗಳು. ತೆಗೆದದ್ದನ್ನು ಅಳಿಸುವಂತಿಲ್ಲ, ಆ ಕ್ಷಣವೇ ನೋಡುವಂತೆಯೂ ಇಲ್ಲ. ಆದುದರಿಂದ ಗುಂಡಿ ಒತ್ತುವ ಮುನ್ನ ಕಣ್ಣು ಚೆನ್ನಾಗಿ ನೋಡಬೇಕು. ಒತ್ತಿದ ಮೇಲೆ ಮನಸ್ಸು ಕಾಯಬೇಕು.

ಎರಡನೆಯದು ಇನ್ನೂ ಆಳವಾದುದು. ಫಿಲ್ಮಿನ ಮೇಲೆ ಜೆಲಟಿನ್ನಿನಲ್ಲಿ ಹುದುಗಿದ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕು ಸೋಕಿದ ಹರಳುಗಳಲ್ಲಿ ಕಣ್ಣಿಗೆ ಕಾಣದ ಮಾರ್ಪಾಡಾಗುತ್ತದೆ. ಕತ್ತಲಲ್ಲಿ ಡೆವಲಪರ್ ದ್ರಾವಣ ಅವುಗಳನ್ನು ಕಪ್ಪು ಬೆಳ್ಳಿಯನ್ನಾಗಿಸುತ್ತದೆ. ‘ಹೈಪೊ’ ಉಳಿದ ಲವಣವನ್ನು ಕರಗಿಸುತ್ತದೆ. ಎಂದ ಮೇಲೆ, ಅಜ್ಜಿಯ ಮುಖವನ್ನು ಬೆಳಗಿದ ಅಂದಿನ ಬಿಸಿಲೇ ಆ ಪಟ್ಟಿಯನ್ನು ಮುಟ್ಟಿ ಗುರುತು ಬಿಟ್ಟಿದೆಯೆನ್ನಬೇಕು. ನೆಗೆಟಿವ್ ಆ ಗಳಿಗೆಗೆ ಸಾಕ್ಷಿಯಾಗಿ ನಿಂತ ವಸ್ತು.

ಹೀಗೆಂದು ಡಿಜಿಟಲ್ ಚಿತ್ರವನ್ನು ಹಳಿಯಬೇಕಾಗಿಲ್ಲ. ಅದು ಅಗ್ಗ, ಕ್ಷಣದಲ್ಲಿ ಸಾವಿರ ಮೈಲಿ ದೂರದ ಮಗಳನ್ನು ತಲಪುತ್ತದೆ. ಫಿಲ್ಮು ದುಬಾರಿ, ತೊಳೆದುಕೊಡುವವರೂ ವಿರಳ. ಆದರೆ ಸಾವಿರ ಚಿತ್ರಗಳ ರಾಶಿಯಲ್ಲಿ ಮತ್ತೆ ತೆರೆದು ನೋಡುವುದು ಎಷ್ಟನ್ನು? ಫೋನು ಕೆಟ್ಟ ದಿನ ಉಳಿಯುವುದು ಎಷ್ಟು?

ಅನೇಕರ ಮನೆಯ ಬೀರುವಿನಲ್ಲಿ ಹಳೆಯ ನೆಗೆಟಿವ್‌ಗಳ ಲಕೋಟೆ ಇಂದಿಗೂ ಇದ್ದೀತು. ಹಬ್ಬದ ಸಮಯದಲ್ಲಿ ಕಸವೆಂದು ಅದನ್ನು ಹೊರಹಾಕದಿರುವುದು ಲೇಸು. ತೇವ ತಗುಲಿದರೆ ಜೆಲಟಿನ್ನಿಗೆ ಬೂಷ್ಟು ಹಿಡಿಯುತ್ತದೆ. ಒಣಗಿದ, ತಂಪಾದ ಜಾಗದಲ್ಲಿಟ್ಟರೆ ಸಾಕು. ಆಲ್ಬಮ್ಮಿನ ಚಿತ್ರ ಮಾಸಿದರೂ, ಆ ಪಟ್ಟಿಯಿಂದ ಅಜ್ಜಿಯ ನಗು ಮತ್ತೊಮ್ಮೆ ಮೂಡಿಬರಬಲ್ಲುದು.