ನಾಯಿಮರಿಗಳ ದಂತರಕ್ಷಣೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯ ರೈತಾಪಿ ಜನರಿಗೆ ನಾಯಿಯು ಕೇವಲ ವಿನೋದಕ್ಕಾಗಿ ಸಾಕತಕ್ಕ ಪ್ರಾಣಿಯಲ್ಲ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಅಂಚಿನ ಹೊಲಗಳಿಗೆ ರಾತ್ರಿ ಹಂದಿಗಳು ನುಗ್ಗಿದಾಗ ಮೊದಲು ಎಚ್ಚರಿಸತಕ್ಕದ್ದು ನಾಯಿ. ಕುರಿಮೇಕೆಗಳ ರೊಪ್ಪವನ್ನು ಕಾಯತಕ್ಕದ್ದೂ ನಾಯಿ. ಕಣದಲ್ಲಿ ರಾಶಿಯಿರುವಾಗ ಅದಕ್ಕೆ ಕಾವಲೂ ಅದೇ. ಹೀಗಿದ್ದರೂ, ಎತ್ತನ್ನು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲೆಣಿಸಿ ನೋಡುವ ರೈತನು ತನ್ನ ಮನೆಯ ನಾಯಿಯ ಬಾಯನ್ನು ಅದರ ಆಯುಷ್ಯದಲ್ಲಿ ಒಂದಾವೃತ್ತಿಯಾದರೂ ಪರೀಕ್ಷಿಸುವುದು ಅಪೂರ್ವ. ನಾಯಿಗೆ ನಾಲ್ಕೈದು ವರ್ಷಗಳಾಗುವಷ್ಟರಲ್ಲಿ ಬಾಯಿ ನಾರುವುದು, ವಸಡಿನಲ್ಲಿ ರಕ್ತ ಒಸರುವುದು, ಹಲ್ಲುಗಳು ಸಡಿಲವಾಗುವುದು ಮುಂತಾದುವು ವಯಸ್ಸಿನ ಸ್ವಭಾವವೆಂದು ಜನರು ಭಾವಿಸುತ್ತಾರೆ. ಇದು ಸ್ವಭಾವವಲ್ಲ, ರೋಗ. ಮರಿಯಾಗಿರುವಾಗಲೇ ಅಭ್ಯಾಸ ಮಾಡಿಸಿದರೆ ಬಹುಮಟ್ಟಿಗೆ ತಡೆಯಬಹುದಾದ ರೋಗ.

ಹಲ್ಲುಗಳು ಹುಟ್ಟುವ ಕ್ರಮ

ನಾಯಿಮರಿಯು ಹುಟ್ಟುವಾಗ ಅದಕ್ಕೆ ಹಲ್ಲುಗಳಿರುವುದಿಲ್ಲ. ಸುಮಾರು 3ನೆಯ ವಾರದಿಂದ ಹಾಲುಹಲ್ಲುಗಳು ಮೊಳೆಯಲಾರಂಭಿಸಿ ಒಟ್ಟು 28 ಆಗುತ್ತವೆ. ನಾಲ್ಕನೆಯ ತಿಂಗಳ ಸುಮಾರಿಗೆ ಇವು ಬೀಳತೊಡಗಿ, ಏಳನೆಯ ತಿಂಗಳು ತುಂಬುವುದರೊಳಗೆ 42 ಶಾಶ್ವತ ಹಲ್ಲುಗಳು ಬಂದಿರಬೇಕು. ಅವುಗಳಲ್ಲಿ 12 ಬಾಚಿಹಲ್ಲುಗಳು, 4 ಕೋರೆಹಲ್ಲುಗಳು, ಉಳಿದ 26 ದವಡೆಹಲ್ಲುಗಳು. ಈ ಅವಧಿಯಲ್ಲಿ ಮರಿಯು ಚಪ್ಪಲಿ, ಹಗ್ಗ, ಕಂಬಳಿ ಮೊದಲಾದುವನ್ನು ಕಡಿಯುವುದು ಸಹಜವಾದುದರಿಂದ ಹೊಡೆಯಕೂಡದು. ಕೆಲವು ಮರಿಗಳಲ್ಲಿ ಹಾಲುಕೋರೆಯು ಬೀಳದೆ ಅದರ ಪಕ್ಕದಲ್ಲಿಯೇ ಶಾಶ್ವತ ಕೋರೆಯು ಮೂಡುವುದುಂಟು. ಇಂತಹ ಜೋಡಿಹಲ್ಲಿನ ಸಂದಿಯಲ್ಲಿ ಆಹಾರವು ನಿಂತು ಕೊಳೆಯುವುದಲ್ಲದೆ ಹೊಸ ಹಲ್ಲು ಸೊಟ್ಟಗಾಗುವುದು. ಆದುದರಿಂದ ಉಳಿದುಕೊಂಡ ಹಾಲುಹಲ್ಲನ್ನು ಪಶುವೈದ್ಯರಿಂದ ತೆಗೆಸತಕ್ಕದ್ದು. ಇಕ್ಕಳದಿಂದ ಮನೆಯಲ್ಲಿ ಕೀಳಕೂಡದು.

ಕೆಡುವುದಕ್ಕೆ ಕಾರಣ

ಆಹಾರದ ಅಂಶ, ಜೊಲ್ಲು ಮತ್ತು ಸೂಕ್ಷ್ಮಜೀವಿಗಳು ಸೇರಿ ಹಲ್ಲಿನ ಮೇಲೆ ಒಂದು ದಿನದೊಳಗಾಗಿಯೇ ಜಿಗುಟಾದ ತೆಳುಪೊರೆಯನ್ನುಂಟುಮಾಡುತ್ತವೆ. ಬಟ್ಟೆಯಿಂದ ಒರೆಸಿದರೂ ಇದು ಹೋಗುತ್ತದೆ. ಹಾಗೆಯೇ ಬಿಟ್ಟಲ್ಲಿ, ಜೊಲ್ಲಿನಲ್ಲಿರುವ ಸುಣ್ಣದ ಅಂಶವು ಸೇರಿ ಕೆಲವೇ ದಿನಗಳಲ್ಲಿ ಅದು ಹಳದಿಯ ಕಿಟ್ಟವಾಗಿ ಗಟ್ಟಿಯಾಗುತ್ತದೆ. ಆ ಮೇಲೆ ಎಷ್ಟು ಉಜ್ಜಿದರೂ ಅದು ಬಿಡುವುದಿಲ್ಲ. ಕಿಟ್ಟವು ವಸಡಿನ ಕೆಳಕ್ಕಿಳಿದು, ಹಲ್ಲನ್ನು ಹಿಡಿದಿರುವ ಮೂಳೆಯು ಕರಗಿ ಹಲ್ಲು ಅಲುಗಾಡುವುದು. ನಿತ್ಯ ಉಜ್ಜಬೇಕೆಂಬುದಕ್ಕೆ ಕಾರಣವಿಷ್ಟೇ: ಪೊರೆಯು ಕಿಟ್ಟವಾಗುವುದಕ್ಕೆ ಮುಂಚೆಯೇ ಅದನ್ನು ತೆಗೆದುಹಾಕಬೇಕು. ಪ್ರತಿದಿನವೂ ಸಾಧ್ಯವಾಗದಿದ್ದರೆ ದಿನ ಬಿಟ್ಟು ದಿನವಾದರೂ ಮಾಡತಕ್ಕದ್ದು.

ಉಜ್ಜುವ ವಿಧಾನ

1. ಮರಿಗೆ ಎರಡು ತಿಂಗಳಾದಂದಿನಿಂದ ದಿನಕ್ಕೊಮ್ಮೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ತುಟಿಯನ್ನು ಮೆಲ್ಲಗೆ ಎತ್ತಿ ಬಿಡಬೇಕು. ಒಂದು ವಾರದವರೆಗೆ ಇಷ್ಟೇ ಸಾಕು.

2. ಎರಡನೆಯ ವಾರದಲ್ಲಿ, ಶುಚಿಯಾದ ಹಳೆಯ ಮಲ್ಲಿನ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ನೀರಿನಲ್ಲಿ ಅದ್ದಿ, ಹಲ್ಲುಗಳ ಹೊರಮೈಯನ್ನು ಒರೆಸಬೇಕು.

3. ಅನಂತರ ಚಿಕ್ಕಮಕ್ಕಳ ಮೃದುವಾದ ಬ್ರಷ್ಷನ್ನು ಉಪಯೋಗಿಸಬಹುದು. ಅದನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ಸುತ್ತುಗಳಾಗಿ ತಿರುಗಿಸಬೇಕು. ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆಯಲ್ಲಿ ಕಿಟ್ಟವು ಹೆಚ್ಚಾಗಿ ಕೂಡುವುದರಿಂದ ಅಲ್ಲಿಂದಲೇ ಆರಂಭಿಸುವುದು ಲೇಸು. ನಾಲಗೆಯ ಕಡೆಯು ಬಹುಮಟ್ಟಿಗೆ ತಾನಾಗಿ ಶುಚಿಯಾಗುವುದರಿಂದ ಬಾಯನ್ನು ಬಲವಂತವಾಗಿ ತೆರೆಯಬೇಕಾಗಿಲ್ಲ.

4. ಎರಡು ನಿಮಿಷಗಳಿಗಿಂತ ಹೆಚ್ಚು ಕಾಲ ಮರಿಯನ್ನು ಹಿಡಿದಿರಬಾರದು. ಮುಗಿದೊಡನೆ ಬೆನ್ನು ಸವರಿ ಆಹಾರವನ್ನಿಟ್ಟರೆ ಮರುದಿನ ಅದು ತಾನಾಗಿ ಬರುವುದು.

5. ಹಾಲುಹಲ್ಲು ಬೀಳುತ್ತಿರುವ ದಿನಗಳಲ್ಲಿ ವಸಡು ನೋಯುವುದರಿಂದ ಬ್ರಷ್ಷನ್ನು ಬಿಟ್ಟು ಒದ್ದೆಬಟ್ಟೆಯನ್ನೇ ಬಳಸಬೇಕು.

ಉಪಯೋಗಿಸಕೂಡದ ವಸ್ತುಗಳು

ಶುದ್ಧವಾದ ನೀರೊಂದೇ ಈ ಕಾರ್ಯಕ್ಕೆ ಸಾಕಾಗುತ್ತದೆ. ಇದ್ದಿಲುಪುಡಿ, ಇಟ್ಟಿಗೆಪುಡಿ, ಬೂದಿ ಇವುಗಳು ನಾಯಿಯ ಹಲ್ಲಿನ ತೆಳುವಾದ ಮೇಲ್ಪದರವನ್ನು ಸವೆಯಿಸುತ್ತವೆ. ಉಪ್ಪನ್ನೂ ಅಡಿಗೆ ಸೋಡವನ್ನೂ ಬಳಸಬಾರದು. ಮನುಷ್ಯರ ಟೂತ್‌ಪೇಸ್ಟು ಸರ್ವಥಾ ಕೂಡದು. ನಾಯಿಗೆ ಉಗುಳಲು ಬಾರದುದರಿಂದ ಅದು ಹೊಟ್ಟೆಗೆ ಹೋಗುವುದು. ಕೆಲವು ಪೇಸ್ಟುಗಳಲ್ಲಿ ಸಿಹಿಗಾಗಿ ಸೇರಿಸುವ ಕ್ಸೈಲಿಟಾಲ್ ಎಂಬ ಪದಾರ್ಥವು ನಾಯಿಗಳಿಗೆ ಪ್ರಾಣಾಂತಕವಾದ ವಿಷ. ಗಟ್ಟಿಯಾದ ಎಲುಬನ್ನು ಕಡಿಯುವುದರಿಂದ ಹಲ್ಲು ಶುಚಿಯಾಗುವುದೆಂಬ ನಂಬಿಕೆಯಿಂದ ಅನೇಕ ನಾಯಿಗಳು ಮೇಲ್ದವಡೆಯ ದೊಡ್ಡ ಹಲ್ಲನ್ನು ಸೀಳಿಕೊಂಡಿವೆ. ಕಬ್ಬಿಣದ ಸರಪಣಿಯನ್ನು ಕಡಿಯುವ ನಾಯಿಯ ಕೋರೆಯೂ ಸವೆದುಹೋಗುವುದು.

ಬಾಯಿಗೆ ಕೈ ಹಾಕುವುದಕ್ಕೆ ಮುಂಚೆ

ಇಷ್ಟನ್ನೆಲ್ಲ ಆಚರಿಸುವವರು ಒಂದು ವಿಷಯವನ್ನು ಎಂದಿಗೂ ಮರೆಯತಕ್ಕದ್ದಲ್ಲ. ಹುಚ್ಚುನಾಯಿ ರೋಗವು, ಅಂದರೆ ರೇಬೀಸ್, ಜೊಲ್ಲಿನ ಮೂಲಕ ಹರಡುತ್ತದೆ. ಲಕ್ಷಣಗಳು ತೋರುವುದಕ್ಕೆ ಕೆಲವು ದಿನಗಳ ಮುಂಚೆಯೇ ವಿಷಾಣುವು ಜೊಲ್ಲಿನಲ್ಲಿರಬಹುದು. ಹುಚ್ಚು ಹಿಡಿದ ನಾಯಿಯು ಯಾವಾಗಲೂ ಕಚ್ಚುತ್ತ ಓಡಾಡುವುದೆಂದು ತಿಳಿಯಕೂಡದು. ಮೂಕಹುಚ್ಚಿನಲ್ಲಿ ಅದು ಮೂಲೆ ಸೇರುತ್ತದೆ, ಕೆಳದವಡೆಯು ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ಧ್ವನಿಯು ಬದಲಾಗುತ್ತದೆ, ನೀರನ್ನು ನುಂಗಲಾರದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ತಿಳಿದು ಕನಿಕರದಿಂದ ಬಾಯೊಳಗೆ ಕೈ ಹಾಕುವವನು ತನ್ನ ಪ್ರಾಣವನ್ನೇ ಒಡ್ಡಿದಂತಾಗುವುದು. ಇಂತಹ ನಾಯಿಯನ್ನು ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು.

ಮರಿಯ ಹಲ್ಲು ತಗುಲಿ ಚರ್ಮ ಗೀರಿದರೂ, ಗಾಯವಿದ್ದ ಜಾಗವನ್ನು ಅದು ನೆಕ್ಕಿದರೂ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷಗಳ ಕಾಲ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ, ಸೊಪ್ಪಿನ ರಸ ಇವುಗಳನ್ನು ಹಚ್ಚಕೂಡದು. ಕೊಳ್ಳೇಗಾಲವು 1956ಕ್ಕೆ ಮುಂಚೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಕಾಲದಲ್ಲಿ ದಕ್ಷಿಣದ ಜನರು ಈ ಚಿಕಿತ್ಸೆಗಾಗಿ ನೆಚ್ಚಿದ್ದುದು, 1907ರಲ್ಲಿ ಕೂನೂರಿನಲ್ಲಿ ಆರಂಭವಾದ ಪಾಸ್ತರ್ ಸಂಸ್ಥೆಯನ್ನು. ಹೊಟ್ಟೆಗೆ ಚುಚ್ಚುತ್ತಿದ್ದ ಅಂದಿನ ಅನೇಕ ಸೂಜಿಗಳ ಭಯವು ಹಿರಿಯರಲ್ಲಿ ಇಂದಿಗೂ ಉಳಿದಿದೆ. ಆ ಪದ್ಧತಿಯು ಈಗ ಇಲ್ಲ. ತೋಳಿಗೆ ಹಾಕುವ ಕೆಲವೇ ಚುಚ್ಚುಮದ್ದುಗಳು ಸಾಕು. ಗಾಯವು ರಕ್ತ ಬರುವಷ್ಟಿದ್ದರೆ ವೈದ್ಯರು ಜೊತೆಯಲ್ಲಿ ಗಾಯಕ್ಕೂ ಬೇರೊಂದು ಔಷಧವನ್ನು ಹಾಕುವರು. ರೋಗಲಕ್ಷಣ ತೋರಿದ ಮೇಲಾದರೋ ಗುಣಪಡಿಸತಕ್ಕ ಔಷಧವಿಲ್ಲ.

ನಾಯಿಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆಯನ್ನು ಹಾಕಿಸಿ, ಪಶುವೈದ್ಯರು ಹೇಳಿದಂತೆ ಪುನಃ ಹಾಕಿಸಿ, ಆ ಬಳಿಕ ವರ್ಷಕ್ಕೊಮ್ಮೆ ತಪ್ಪದೆ ನಡೆಸಬೇಕು. ಡಿಸ್ಟೆಂಪರ್ ರೋಗದ ಲಸಿಕೆಯೂ ಅವಶ್ಯವಾದುದು. ಈ ರೋಗವು ಮರಿಗೆ ತಗುಲಿ ಅದು ಬದುಕಿಕೊಂಡರೂ, ಆಗ ಬೆಳೆಯುತ್ತಿದ್ದ ಶಾಶ್ವತ ಹಲ್ಲುಗಳ ಮೇಲ್ಪದರವು ಗುಳಿಬಿದ್ದು ಕೆಡುವುದು. ಕಾಡಿನಂಚಿನ ಗ್ರಾಮಗಳ ನಾಯಿಗಳಿಂದ ಇದು ಸೀಳುನಾಯಿ, ಚಿರತೆ ಮೊದಲಾದ ವನ್ಯಮೃಗಗಳಿಗೂ ಅಂಟಬಲ್ಲುದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವುಗಳಲ್ಲಿ ಇದೇ ವಿಷಾಣುವು ಕಂಡುಬಂದಿತು.

ಗ್ರಾಮದ ಮುಖಂಡರ ಕರ್ತವ್ಯ

ಒಂದು ಮನೆಯ ನಾಯಿಗೆ ಮಾತ್ರ ಲಸಿಕೆಯಾದರೆ ಗ್ರಾಮಕ್ಕೆ ರಕ್ಷಣೆಯಾಗಲಾರದು. ಆದುದರಿಂದ ಯಜಮಾನರೂ ಹಿಡುವಳಿದಾರರೂ ತಮ್ಮ ಗ್ರಾಮದ ನಾಯಿಗಳನ್ನು ಎಣಿಸಿ ಪಟ್ಟಿ ಮಾಡಿಸಿ, ಸಮೀಪದ ಪಶು ಆಸ್ಪತ್ರೆಯವರೊಡನೆ ಮಾತನಾಡಿ, ಒಂದೇ ದಿನ ಎಲ್ಲ ನಾಯಿಗಳನ್ನೂ ಒಂದೆಡೆ ಸೇರಿಸುವ ಏರ್ಪಾಡನ್ನು ಮಾಡುವುದು ಉಚಿತ. ಪ್ರತಿವರ್ಷ ಸೆಪ್ಟೆಂಬರ್ 28ರಂದು ಆಚರಿಸುವ ವಿಶ್ವ ರೇಬೀಸ್ ದಿನವು ಇದಕ್ಕೆ ಅನುಕೂಲವಾದುದು. ಅದೇ ಸಮಯದಲ್ಲಿ ಪ್ರತಿ ನಾಯಿಯ ತುಟಿಯನ್ನೆತ್ತಿ ಹಲ್ಲುಗಳನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿದಲ್ಲಿ, ಎರಡು ಕೆಲಸಗಳೂ ಒಂದೇ ಬೆಳಗಿನಲ್ಲಿ ಮುಗಿಯುವುವು. ಇದಕ್ಕೆ ತಗುಲುವ ವೆಚ್ಚ ಅತ್ಯಲ್ಪ. ಉಳಿಯತಕ್ಕದ್ದು ನಾಯಿಯ ಆರೋಗ್ಯ ಮಾತ್ರವಲ್ಲ, ಅದರೊಡನೆ ಅಂಗಳದಲ್ಲಿ ಆಡುವ ಮಕ್ಕಳ ಪ್ರಾಣವೂ ಹೌದು.