ಬಾಡಿಗೆ ಕೊಟ್ಟಿಗೆಗೆ ಎಂಥ ನೆಲ, ಎಂಥ ಗೋದಲಿ?



ಮನೆಯ ಹಿತ್ತಿಲಿನಲ್ಲಿ ಜಾಗ ಸಾಲದೆ, ಊರಿನಲ್ಲಿ ಖಾಲಿ ಬಿದ್ದಿರುವ ಹಳೆಯ ಮನೆ, ಶೆಡ್ಡು ಅಥವಾ ರೇಷ್ಮೆ ಹುಳು ಸಾಕಣೆ ಮನೆಯನ್ನು ಬಾಡಿಗೆಗೆ ಹಿಡಿದು ಹಸು ಕಟ್ಟುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಇಂಥವರಿಗೆ ಮೊದಲು ಎದುರಾಗುವ ಪ್ರಶ್ನೆ ಎಂದರೆ, ಬೇರೆಯವರ ಜಾಗಕ್ಕೆ ಎಷ್ಟು ಹಣ ಹಾಕಬೇಕು ಎಂಬುದು. ಕೆಲವರು "ನಾಳೆ ಬಿಟ್ಟು ಹೋಗುವ ಜಾಗ ತಾನೆ" ಎಂದು ಹಳ್ಳ ಬಿದ್ದ ನೆಲದ ಮೇಲೆಯೇ ಹಸು ಕಟ್ಟುತ್ತಾರೆ. ಇನ್ನು ಕೆಲವರು ಹಸು ಕೊಳ್ಳಲು ತಂದ ಸಾಲದ ಹಣವನ್ನೇ ಗಾರೆ ಕೆಲಸಕ್ಕೆ ಸುರಿಯುತ್ತಾರೆ. ಎರಡರಿಂದಲೂ ನಷ್ಟ ನಿಮಗೇ.

ಇದಕ್ಕೊಂದು ಸುಲಭ ಸೂತ್ರವಿದೆ. ಹೊತ್ತುಕೊಂಡು ಹೋಗಬಹುದಾದ ವಸ್ತು ನಿಮ್ಮ ಖರ್ಚಿನಲ್ಲಿರಲಿ. ನೆಲಕ್ಕೆ ಅಂಟಿಕೊಳ್ಳುವ ಕೆಲಸ ಮಾಲೀಕರ ಖರ್ಚಿನಲ್ಲಿರಲಿ, ಇಲ್ಲವೇ ನೀವು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಿ. ಕೈಯಲ್ಲಿರುವ ಹಣವನ್ನು ಮೊದಲು ನೆಲಕ್ಕೆ, ಆಮೇಲೆ ಗೋದಲಿಗೆ, ಅನಂತರ ನೀರಿನ ತೊಟ್ಟಿಗೆ ಬಳಸಿ. ಗೋಡೆಯ ಅಂದಚಂದ ಕೊನೆಗಿರಲಿ.

ನೆಲ

ಹಸು ದಿನದ ಅರ್ಧದಷ್ಟು ಸಮಯ ಮಲಗಿರುತ್ತದೆ. ನೆಲ ಒದ್ದೆಯಾಗಿದ್ದರೆ ಕೆಚ್ಚಲು ಸಗಣಿ-ಗಂಜಲದಲ್ಲೇ ಇರುತ್ತದೆ, ಕೆಚ್ಚಲು ಬಾವಿಗೆ ಇದೇ ದಾರಿ. ನೆಲ ನುಣುಪಾಗಿದ್ದರೆ ಹಸು ಜಾರಿ ಬೀಳುತ್ತದೆ. ತುಂಬು ಗಬ್ಬದ ಹಸು ಬಿದ್ದರೆ ಅಪಾಯ ಎರಡು ಜೀವಕ್ಕೆ.

ಒಂದು ಮಿಶ್ರತಳಿ ಹಸು ನಿಲ್ಲಲು ಸುಮಾರು ಐದೂವರೆ ಅಡಿ ಉದ್ದ, ಮೂರೂವರೆಯಿಂದ ನಾಲ್ಕು ಅಡಿ ಅಗಲದ ಜಾಗ ಬೇಕು. ಗೋದಲಿಯಿಂದ ಚರಂಡಿಯ ಕಡೆಗೆ 6 ಅಡಿ ಉದ್ದಕ್ಕೆ ಸುಮಾರು ಒಂದೂವರೆ ಇಂಚು ಇಳಿಜಾರು ಇದ್ದರೆ ಗಂಜಲ ನಿಲ್ಲದೆ ಹರಿಯುತ್ತದೆ. ಇದಕ್ಕಿಂತ ಹೆಚ್ಚು ಇಳಿಜಾರು ಕೊಟ್ಟರೆ ಹಸುವಿನ ಹಿಂಗಾಲುಗಳಿಗೆ ಭಾರ ಬೀಳುತ್ತದೆ. ಜಾಗ ಒಪ್ಪಿಕೊಳ್ಳುವ ಮೊದಲು ಒಂದು ಬಿಂದಿಗೆ ನೀರು ಸುರಿದು ನೋಡಿ. ನೀರು ಎಲ್ಲಿ ನಿಲ್ಲುತ್ತದೆಯೋ ಗಂಜಲವೂ ಅಲ್ಲಿಯೇ ನಿಲ್ಲುತ್ತದೆ.

ನೆಲದ ಬಗೆಗಳು ಹೀಗಿವೆ:

1. ಕಲ್ಲು ಚಪ್ಪಡಿ: ಒರಟು ಮೈಯ ಕಣಶಿಲೆ ಚಪ್ಪಡಿ ಬಹಳ ವರ್ಷ ಬಾಳುತ್ತದೆ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಬೇಕು. ಬೇಕಾದಾಗ ಕಿತ್ತು ಬೇರೆಡೆ ಹಾಸಬಹುದು.

2. ಕಾಂಕ್ರೀಟು: ಗಟ್ಟಿ ಮಾಡಿದ ತಳದ ಮೇಲೆ 1:2:4 ಪ್ರಮಾಣದಲ್ಲಿ ಸಿಮೆಂಟು, ಮರಳು, ಜಲ್ಲಿ ಸೇರಿಸಿ 4 ಇಂಚು ದಪ್ಪ ಹಾಕಿಸಿ. ಹಸಿಯಿರುವಾಗಲೇ ಮೇಲೆ ಗೆರೆ ಎಳೆಸಿ. ಕನಿಷ್ಠ 10 ದಿನ ನೀರು ಕಟ್ಟಿ. ಅವಸರದಲ್ಲಿ ಮೂರೇ ದಿನಕ್ಕೆ ಹಸು ಕಟ್ಟಿದರೆ ನೆಲ ಬೇಗ ಪುಡಿಯಾಗಿ ಏಳುತ್ತದೆ.

3. ಹೊಳಪಿನ ಟೈಲ್ಸ್: ಮನೆಯಾಗಿದ್ದ ಜಾಗದಲ್ಲಿ ಇದು ಮೊದಲೇ ಇರಬಹುದು. ಇದರ ಮೇಲೆ ಹಸುವನ್ನು ಎಂದಿಗೂ ನೇರವಾಗಿ ಕಟ್ಟಬೇಡಿ.

4. ರಬ್ಬರ್ ಮ್ಯಾಟು: ಬಾಡಿಗೆದಾರರಿಗೆ ಹೆಚ್ಚು ಅನುಕೂಲವಾದದ್ದು ಇದು, ಏಕೆಂದರೆ ಜಾಗ ಬಿಡುವಾಗ ಸುತ್ತಿಕೊಂಡು ಹೋಗಬಹುದು. ಆದರೆ ಮ್ಯಾಟು ಇಳಿಜಾರಿಗೆ ಬದಲಿಯಲ್ಲ. ಹಳ್ಳವಿರುವ ನೆಲದ ಮೇಲೆ ಹಾಸಿದರೆ ಅಡಿಯಲ್ಲಿ ಗಂಜಲ ಸೇರಿ ಕೊಳೆಯುತ್ತದೆ. ವಾರಕ್ಕೊಮ್ಮೆ ಎತ್ತಿ ಅಡಿಭಾಗ ತೊಳೆದು ಒಣಗಿಸಬೇಕು.

ಗೋದಲಿ

ಗೋದಲಿಯೇ ಹಸುವಿನ ಅಡುಗೆ ಮನೆ, ಊಟದ ತಟ್ಟೆ ಎಲ್ಲವೂ. ದೊಡ್ಡ ಹಸುವೊಂದಕ್ಕೆ ಎರಡರಿಂದ ಎರಡೂವರೆ ಅಡಿ ಉದ್ದದ ಗೋದಲಿ ಸಾಕು. ಕಟ್ಟಿಸುವುದಾದರೆ ಒಳಗಿನ ಅಗಲ 2 ಅಡಿ, ಆಳ ಒಂದೂಕಾಲು ಅಡಿ, ಹಸುವಿನ ಕಡೆಯ ಗೋಡೆಯ ಎತ್ತರ ಒಂದೂವರೆಯಿಂದ ಒಂದೂ ಮುಕ್ಕಾಲು ಅಡಿ ಇರಲಿ. ತಳವು ಹಸು ನಿಲ್ಲುವ ನೆಲಕ್ಕಿಂತ ಸ್ವಲ್ಪ ಮೇಲಿರಲಿ. ತಲೆ ತಗ್ಗಿಸಿ ಮೇಯುವ ಹಸುವಿನ ಬಾಯಲ್ಲಿ ಜೊಲ್ಲು ಹೆಚ್ಚು ಸುರಿಯುತ್ತದೆ, ಅದು ಜೀರ್ಣಕ್ಕೆ ಒಳ್ಳೆಯದು.

ಒಳಗಿನ ಮೂಲೆಗಳು ಗುಂಡಾಗಿರಬೇಕು. ಚೌಕ ಮೂಲೆಯಲ್ಲಿ ಉಳಿದ ಹಿಂಡಿ-ಬೂಸಾ ಹುಳಿ ಬಂದು ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಹಸು ತಿಂದ ಈ ವಿಷದ ಒಂದು ಭಾಗ ಹಾಲಿಗೂ ಇಳಿಯುತ್ತದೆ, ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಆ ಹಾಲನ್ನು ಮೊದಲು ಕುಡಿಯುವವರು ನಿಮ್ಮ ಮನೆಯ ಮಕ್ಕಳೇ ಎಂಬುದು ನೆನಪಿರಲಿ. ರಸಮೇವು ಹಾಕುವವರು ಇನ್ನೊಂದು ವಿಷಯ ಗಮನಿಸಬೇಕು. ಅದರ ಹುಳಿ ಸಿಮೆಂಟನ್ನು ತಿನ್ನುತ್ತದೆ. ಗೋದಲಿಯ ತಳ ಒರಟಾಗಿ ಜಲ್ಲಿ ಕಾಣತೊಡಗಿದರೆ ತೇಪೆ ಹಾಕಿಸಿ.

ಬಾಡಿಗೆ ಜಾಗಕ್ಕೆ ಕಡಿಮೆ ಖರ್ಚಿನಲ್ಲಿ ಆಗುವುದು ಡ್ರಮ್ಮಿನ ಗೋದಲಿ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡು ಹಸುಗಳಿಗೆ ಎರಡು ಗೋದಲಿ. ಮೂಲೆಯಿಲ್ಲ, ತೊಳೆಯುವುದು ಸುಲಭ, ಹುಳಿಗೂ ಜಗ್ಗುವುದಿಲ್ಲ. ಸೀಳಿದ ಅಂಚು ಚೂಪಾಗಿರುವುದರಿಂದ ಹಳೆಯ ನೀರಿನ ಪೈಪನ್ನು ಸೀಳಿ ಅಂಚಿಗೆ ತೊಡಿಸಿ. ಹಸು ತಳ್ಳಿ ಉರುಳಿಸದಂತೆ ಕಬ್ಬಿಣದ ಅಥವಾ ಮರದ ಚೌಕಟ್ಟಿನಲ್ಲಿ ಕೂರಿಸಿ. ಕೀಟನಾಶಕ, ಬಣ್ಣ, ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದಿದ್ದರೂ ಬಳಸಕೂಡದು. ಮೊದಲು ಏನು ತುಂಬಿತ್ತು ಎಂದು ಮಾರುವವನಿಗೆ ತಿಳಿಯದಿದ್ದರೆ ಆ ಡ್ರಮ್ಮು ಬೇಡ.

ನೀರು

ಹಸುವಿಗೆ ತನ್ನ ಮೈಗೆ ಬೇಕಾದ ನೀರಲ್ಲದೆ, ಕೊಡುವ ಪ್ರತಿ ಲೀಟರ್ ಹಾಲಿಗೆ 4ರಿಂದ 5 ಲೀಟರ್ ಹೆಚ್ಚಿಗೆ ಬೇಕು. ಬೆಳಿಗ್ಗೆ ಸಂಜೆ ಕಲಗಚ್ಚು ತೋರಿಸಿದರೆ ಸಾಲದು. ಇನ್ನೊಂದು ಡ್ರಮ್ಮಿನ ಅರ್ಧ ಭಾಗವನ್ನು ನೀರಿಗೇ ಮೀಸಲಿಡಿ. ತಳದಲ್ಲಿ ಬಿರಡೆ ಇರುವ ತೂತು ಮಾಡಿಸಿದರೆ ತೊಳೆಯಲು ಅನುಕೂಲ.

ಬಾಳಿಕೆಯ ಲೆಕ್ಕ

ಅಗ್ಗವೋ ದುಬಾರಿಯೋ ಎಂಬುದನ್ನು ಬೆಲೆಯಿಂದಲೇ ಅಳೆಯಬೇಡಿ. ಬೆಲೆಯನ್ನು ಬಾಳುವ ವರ್ಷಗಳಿಂದ ಭಾಗಿಸಿ. ಉದಾಹರಣೆಗೆ, 3,000 ರೂಪಾಯಿಯ ವಸ್ತು 5 ವರ್ಷ ಬಂದರೆ ವರ್ಷಕ್ಕೆ 600 ರೂಪಾಯಿ. 1,200 ರೂಪಾಯಿಯದು ಒಂದೇ ವರ್ಷಕ್ಕೆ ಹರಿದರೆ ವರ್ಷಕ್ಕೆ 1,200 ರೂಪಾಯಿ. ಇನ್ನೊಂದು ಬದಿಯ ಲೆಕ್ಕವನ್ನೂ ನೋಡಿ. 10 ಲೀಟರ್ ಕೊಡುವ ಹಸುವಿಗೆ ಕೆಚ್ಚಲು ಬಾವು ಬಂದು, ಔಷಧದ ಕಾರಣ 5 ದಿನ ಸಂಘಕ್ಕೆ ಹಾಲು ಹಾಕುವಂತಿಲ್ಲ ಎಂದಾದರೆ 50 ಲೀಟರ್ ಹಾಲಿನ ಹಣ ಹೋಯಿತು. ಚಿಕಿತ್ಸೆಯ ಖರ್ಚು ಬೇರೆ. ಮೊಲೆಯೊಂದು ಕೆಟ್ಟರೆ ಮುಂದಿನ ಸೂಲುಗಳಲ್ಲಿಯೂ ನಷ್ಟವೇ.

ಕರಾರು

ಬಾಯಿಮಾತಿನ ಒಪ್ಪಂದ ನೆಮ್ಮದಿ ಕೆಡಿಸುತ್ತದೆ. ಈ ಅಂಶಗಳನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ:

1. ಎಷ್ಟು ವರ್ಷದ ಅವಧಿ, ಬಿಡಿಸುವ ಮೊದಲು ಎಷ್ಟು ತಿಂಗಳ ಸೂಚನೆ.

2. ನೆಲ, ಚರಂಡಿ ಮಾಡಿಸಿದ ಖರ್ಚು ಯಾರದು, ಬಾಡಿಗೆಯಲ್ಲಿ ತಿಂಗಳಿಗೆ ಎಷ್ಟು ಮುರಿದುಕೊಳ್ಳಬೇಕು.

3. ಮ್ಯಾಟು, ಗೋದಲಿ, ತೊಟ್ಟಿ ಬಾಡಿಗೆದಾರರವು, ಬಿಡುವಾಗ ತೆಗೆದುಕೊಂಡು ಹೋಗುತ್ತಾರೆ ಎಂಬ ಮಾತು.

4. ನೀರು, ವಿದ್ಯುತ್ತು ಮತ್ತು ಗೊಬ್ಬರ ಯಾರಿಗೆ.

ಕೊಟ್ಟಿಗೆ ಕಟ್ಟಿ ಬಾಡಿಗೆಗೆ ಕೊಡುವ ಸದಸ್ಯರಿಗೂ ಒಂದು ಮಾತು. ಒಳ್ಳೆಯ ನೆಲ, ಹರಿಯುವ ಚರಂಡಿ, ಎರಡು ಕಡೆ ಗಾಳಿಯಾಡುವ ಗೋಡೆ ಇಷ್ಟನ್ನು ಗಟ್ಟಿಯಾಗಿ ಮಾಡಿಸಿ. ಹಸು ಚೆನ್ನಾಗಿ ಹಾಲು ಕೊಡುವ ಜಾಗವನ್ನು ಬಾಡಿಗೆದಾರರು ಸುಲಭವಾಗಿ ಬಿಟ್ಟು ಹೋಗುವುದಿಲ್ಲ, ಬಾಡಿಗೆಯೂ ತಪ್ಪುವುದಿಲ್ಲ.

ಕೊನೆಯದಾಗಿ, ಖರ್ಚಿಲ್ಲದ ಒಂದು ಕ್ರಮ. ಹಾಲು ಕರೆದ ಮೇಲೆ ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಅರ್ಧದಿಂದ ಒಂದು ಗಂಟೆ ಬೇಕು. ಕರೆದ ಕೂಡಲೇ ಗೋದಲಿಗೆ ಮೇವು ಹಾಕಿದರೆ ಹಸು ಅಷ್ಟು ಹೊತ್ತು ನಿಂತೇ ಇರುತ್ತದೆ. ಸ್ವಂತ ಕೊಟ್ಟಿಗೆಯಾಗಲಿ, ಬಾಡಿಗೆಯದಾಗಲಿ, ಇದನ್ನು ತಪ್ಪದೆ ಪಾಲಿಸಿ.

ಜಾಗ ಒಪ್ಪುವ ಮೊದಲು ನಿಮ್ಮ ಭಾಗದ ವಿಸ್ತರಣಾಧಿಕಾರಿಯನ್ನು ಒಮ್ಮೆ ಕರೆದು ತೋರಿಸಿ. ರಬ್ಬರ್ ಮ್ಯಾಟಿಗೆ ಅನುದಾನ ಲಭ್ಯವಿದೆಯೇ ಎಂದು ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ. ಮುಂಗಡ ಕೊಟ್ಟ ಮೇಲೆ ಕೇಳುವ ಸಲಹೆಗಿಂತ ಮೊದಲೇ ಕೇಳುವುದು ಲೇಸು.