ಹೊಗಳಿಕೆ ಪಡೆದ ಕ್ರಿಕೆಟ್ ಕಾದಂಬರಿ ಏಕೆ ನಿರಾಸೆಗೊಳಿಸುತ್ತದೆ?

ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದ ಬಹುಪಾಲು ನೆದರ್‌ಲ್ಯಾಂಡ್ಸ್‌ನಲ್ಲಿ ಕಳೆದು, ಲಂಡನ್ನಿನಲ್ಲಿ ವಕೀಲಿ ಮಾಡಿ, ಕೊನೆಗೆ ನ್ಯೂಯಾರ್ಕ್‌ನಲ್ಲಿ ನೆಲೆಸಿದ ಲೇಖಕ ಜೋಸೆಫ್ ಓನೀಲ್. ಅವರ ಇಂಗ್ಲಿಷ್ ಕಾದಂಬರಿ ‘ನೆದರ್‌ಲ್ಯಾಂಡ್’ 2008ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕ್‌ನ ವಲಸಿಗರ ಕ್ರಿಕೆಟ್ಟನ್ನು ನಡುವೆ ಇಟ್ಟುಕೊಂಡ ಈ ಕೃತಿಗೆ ಸಿಕ್ಕಷ್ಟು ಹೊಗಳಿಕೆ ಕ್ರೀಡೆಯನ್ನು ಕುರಿತ ಕಾದಂಬರಿಗಳಿಗೆ ಸಿಗುವುದು ಅಪರೂಪ. ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಜೇಮ್ಸ್ ವುಡ್ ಇದನ್ನು ವಸಾಹತೋತ್ತರ ಬರವಣಿಗೆಯ ಗಮನಾರ್ಹ ಸಾಧನೆ ಎಂದು ಕೊಂಡಾಡಿದರು. ಹಲವು ವಿಮರ್ಶಕರು ಫಿಟ್ಜ್‌ಜೆರಾಲ್ಡ್‌ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಜೊತೆ ಹೋಲಿಸಿದರು. 2008ರ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿಯಲ್ಲಿ ಕೃತಿಯ ಹೆಸರಿತ್ತು. 2009ರಲ್ಲಿ ಪೆನ್/ಫಾಕ್ನರ್ ಪ್ರಶಸ್ತಿ ಬಂತು. ಅದೇ ವರ್ಷ ಅಧ್ಯಕ್ಷ ಬರಾಕ್ ಒಬಾಮ ತಾವು ಈ ಕಾದಂಬರಿ ಓದುತ್ತಿರುವುದಾಗಿ ಹೇಳಿದ್ದು ಅದರ ಪ್ರಸಿದ್ಧಿಯನ್ನು ಇನ್ನಷ್ಟು ಹೆಚ್ಚಿಸಿತು.

ಇಷ್ಟೆಲ್ಲ ಕೇಳಿ, ಕ್ರಿಕೆಟ್ ಕಾದಂಬರಿಯೆಂದು ಪುಸ್ತಕ ಕೈಗೆತ್ತಿಕೊಂಡ ಓದುಗರಿಗೆ, ಅದರಲ್ಲೂ ಆಟ ಬಲ್ಲವರಿಗೆ, ನಿರಾಸೆಯಾಗುವುದಕ್ಕೆ ಬಲವಾದ ಕಾರಣಗಳಿವೆ. ಆ ಕಾರಣಗಳು ಕೃತಿಯೊಳಗೇ ಇವೆ.

ಕಥೆ ಹೇಳುವವನು ಹಾನ್ಸ್ ವಾನ್ ಡೆನ್ ಬ್ರೂಕ್, ಡಚ್ ಮೂಲದ ಶ್ರೀಮಂತ ಬ್ಯಾಂಕ್ ಉದ್ಯೋಗಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅವನ ಕುಟುಂಬ ಮನೆ ಬಿಟ್ಟು ಚೆಲ್ಸಿ ಹೋಟೆಲಿಗೆ ಬರುತ್ತದೆ. ಆಮೇಲೆ ಹೆಂಡತಿ ರೇಚೆಲ್ ಮಗನನ್ನು ಕರೆದುಕೊಂಡು ಲಂಡನ್ನಿಗೆ ಹೋಗಿಬಿಡುತ್ತಾಳೆ. ಒಂಟಿಯಾದ ಹಾನ್ಸ್, ಹುಡುಗನಾಗಿದ್ದಾಗ ಹೇಗ್ ನಗರದಲ್ಲಿ ಆಡುತ್ತಿದ್ದ ಕ್ರಿಕೆಟ್ಟನ್ನು ಸ್ಟೇಟನ್ ಐಲೆಂಡಿನ ಕ್ಲಬ್ಬೊಂದರಲ್ಲಿ ಮತ್ತೆ ಶುರುಮಾಡುತ್ತಾನೆ. ಅಲ್ಲಿ ಅವನ ಜೊತೆಗಾರರೆಲ್ಲ ವೆಸ್ಟ್ ಇಂಡೀಸ್ ಮತ್ತು ದಕ್ಷಿಣ ಏಷ್ಯಾದಿಂದ ಬಂದವರು. ಅಂಪೈರ್ ಆಗಿ ಪರಿಚಯವಾಗುವ ಚಕ್ ರಾಮ್‌ಕಿಸೂನ್ ಭಾರತೀಯ ಮೂಲದ ಟ್ರಿನಿಡಾಡಿಗ. ಬ್ರೂಕ್ಲಿನ್‌ನ ಹಳೆಯ ವಿಮಾನ ನಿಲ್ದಾಣ ಫ್ಲಾಯ್ಡ್ ಬೆನೆಟ್ ಫೀಲ್ಡ್‌ನಲ್ಲಿ ದೊಡ್ಡ ಕ್ರಿಕೆಟ್ ಅಂಗಳ ಕಟ್ಟುವುದು ಅವನ ಕನಸು. ಕಾನೂನುಬಾಹಿರ ಲಾಟರಿಯೂ ಅವನ ಕಸುಬು. ಕೈ ಕಟ್ಟಿದ ಅವನ ಶವ ಗೊವಾನಸ್ ಕಾಲುವೆಯಲ್ಲಿ ಸಿಕ್ಕಿತೆಂಬುದು ಓದುಗರಿಗೆ ಆರಂಭದಲ್ಲೇ ತಿಳಿಯುತ್ತದೆ.

ಕಾದಂಬರಿಯ ಕ್ರಿಕೆಟ್ ಹಿನ್ನೆಲೆ ಕಟ್ಟುಕತೆಯಲ್ಲ. ಅಮೆರಿಕ ಮತ್ತು ಕೆನಡಾ ತಂಡಗಳು ನ್ಯೂಯಾರ್ಕ್‌ನಲ್ಲಿ 1844ರಲ್ಲೇ ಪಂದ್ಯ ಆಡಿದ್ದವು. ಮೊದಲ ಟೆಸ್ಟ್ ಪಂದ್ಯ ನಡೆದದ್ದು ಅದಾದ 33 ವರ್ಷಗಳ ನಂತರ, 1877ರಲ್ಲಿ. ಸ್ಟೇಟನ್ ಐಲೆಂಡ್ ಕ್ರಿಕೆಟ್ ಕ್ಲಬ್ 1872ರಷ್ಟು ಹಳೆಯದು, ಮತ್ತು ಓನೀಲ್ ಸ್ವತಃ ಆ ಕ್ಲಬ್ಬಿನಲ್ಲಿ ಆಡಿದವರು. ಆ ಅನುಭವದಿಂದಲೇ ಪುಸ್ತಕದ ಅತ್ಯುತ್ತಮ ಭಾಗ ಹುಟ್ಟಿದೆ. ಹಾನ್ಸ್ ಚೆಂಡನ್ನು ನೆಲಕ್ಕೆ ಅಂಟಿಸಿ ಹೊಡೆಯಲು ಕಲಿತವನು. ನ್ಯೂಯಾರ್ಕ್‌ನ ಅಂಗಳಗಳಲ್ಲಿ ಹುಲ್ಲು ಎತ್ತರಕ್ಕೆ ಬೆಳೆದಿರುವುದರಿಂದ ಎಂಥ ಚೆಂದದ ಡ್ರೈವ್ ಆದರೂ ಬೌಂಡರಿ ಮುಟ್ಟದೆ ನಡುವೆಯೇ ನಿಂತುಬಿಡುತ್ತದೆ. ಓಟ ಬೇಕಾದರೆ ಚೆಂಡನ್ನು ಗಾಳಿಗೆ ಎತ್ತಲೇಬೇಕು. ಚಿಕ್ಕಂದಿನಿಂದ ರೂಢಿಯಾದ ಶೈಲಿಯನ್ನು ಬಿಡಲು ಹಾನ್ಸ್‌ಗೆ ಮನಸ್ಸು ಒಪ್ಪುವುದಿಲ್ಲ. ಕೊನೆಗೊಮ್ಮೆ ಚೆಂಡನ್ನು ಎತ್ತಿ ಹೊಡೆದಾಗ ಆ ಊರಿನವನಾದೆನೆಂಬ ಭಾವ ಅವನಲ್ಲಿ ಮೂಡುತ್ತದೆ. ಹೊಸ ನೆಲಕ್ಕೆ ಹೊಂದಿಕೊಳ್ಳುವ ಕಷ್ಟವನ್ನು ಬ್ಯಾಟಿನ ತುದಿಯಲ್ಲೇ ತೋರಿಸುವ ಈ ಪುಟಗಳನ್ನು ಆಟ ಆಡಿದವರು ಮಾತ್ರ ಬರೆಯಬಲ್ಲರು.

ಇಂಥ ಪುಟಗಳು ಕಡಿಮೆ ಎಂಬುದೇ ನಿರಾಸೆಯ ಮೊದಲ ಕಾರಣ. ಯಾವ ಪಂದ್ಯದ ಫಲಿತಾಂಶಕ್ಕೂ ಕಥೆಯಲ್ಲಿ ಹೆಚ್ಚಿನ ಬೆಲೆಯಿಲ್ಲ. ಮೊದಲ ದೊಡ್ಡ ಪಂದ್ಯದಲ್ಲಿ ನೆನಪುಳಿಯುವುದು ಪಿಸ್ತೂಲು ಹಿಡಿದು ಅಂಗಳಕ್ಕೆ ಬಂದವನನ್ನು ಚಕ್ ಎದುರಿಸಿ ನಿಲ್ಲುವುದು. ಯಾರು ಗೆದ್ದರು ಎಂಬುದು ಮುಖ್ಯವಾಗುವುದೇ ಇಲ್ಲ. ಆಟ ಇಲ್ಲಿ ಹಾನ್ಸ್‌ನ ಒಂಟಿತನ, ತಾಯಿಯ ನೆನಪು, ಮುರಿಯುತ್ತಿರುವ ದಾಂಪತ್ಯಗಳಿಗೆ ಸಂಕೇತವಾಗಿ ಕೆಲಸ ಮಾಡುತ್ತದೆ. ಸಂಕೇತವಾಗುವುದು ತಪ್ಪಲ್ಲ. ಆದರೆ ಗೆಲುವು ಸೋಲು ಪಾತ್ರಗಳಿಗೇ ಮುಖ್ಯವಲ್ಲವಾದರೆ ಓದುಗರ ಎದೆ ಏಕೆ ಬಡಿದುಕೊಳ್ಳಬೇಕು? ಆಟದ ಬಿಸಿ ಆರಿದಮೇಲೆ ಸಂಕೇತವೂ ಸೊರಗುತ್ತದೆ.

ಎರಡನೆಯ ಕಾರಣ ಇನ್ನೂ ಗಂಭೀರವಾದದ್ದು. ವಾರವಿಡೀ ದುಡಿದು ರಜೆಯ ದಿನ ಬಿಳಿ ಉಡುಪು ತೊಟ್ಟು ಬರುವ ಗಯಾನಾ, ಜಮೈಕಾ, ಪಾಕಿಸ್ತಾನ, ಭಾರತ, ಶ್ರೀಲಂಕಾ ಮೂಲದ ಆಟಗಾರರೇ ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ಟನ್ನು ಉಳಿಸಿದವರು. ಕಾದಂಬರಿಯಲ್ಲಿ ಅವರ ಹೆಸರು ಕೇಳುತ್ತೇವೆ, ಬದುಕನ್ನು ಕಾಣುವುದಿಲ್ಲ. ಅವರ ಮನೆ, ಸಾಲ, ವೀಸಾ ಚಿಂತೆಗಳು ತಂಡದ ಏಕೈಕ ಬಿಳಿಯ ಆಟಗಾರನ ಕಣ್ಣಂಚಿನಲ್ಲೇ ಉಳಿಯುತ್ತವೆ. ಚಕ್‌ನ ಪಾತ್ರಕ್ಕೆ ಜೀವವಿದೆ, ಮಾತಿನ ಸೊಗಸಿದೆ. ಆದರೆ ಅವನೂ ಹಾನ್ಸ್ ನೆನಪಿಸಿಕೊಂಡಷ್ಟು ಮಾತ್ರ ಸಿಗುತ್ತಾನೆ. ಟ್ರಿನಿಡಾಡಿನವರೇ ಆದ ಸಿ. ಎಲ್. ಆರ್. ಜೇಮ್ಸ್ 1963ರ ‘ಬಿಯಾಂಡ್ ಎ ಬೌಂಡರಿ’ ಕೃತಿಯಲ್ಲಿ ಕ್ರಿಕೆಟ್ಟು ಬಣ್ಣ, ವರ್ಗ, ಸ್ವಾತಂತ್ರ್ಯಗಳ ಜೊತೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ತೆರೆದಿಟ್ಟಿದ್ದರು. ಆ ಪರಂಪರೆ ಬಲ್ಲವರಿಗೆ ಚಕ್‌ನ ಕನಸಿನ ಬೇರು ಕಾದಂಬರಿಯಲ್ಲಿ ಸಾಕಷ್ಟು ಆಳಕ್ಕೆ ಇಳಿದಿಲ್ಲ ಎನಿಸುತ್ತದೆ.

ಮೂರನೆಯದು ಶೈಲಿಯ ಪ್ರಶ್ನೆ. ಕಾದಂಬರಿಕಾರ್ತಿ ಜೇಡಿ ಸ್ಮಿತ್ 2008ರ ನವೆಂಬರ್‌ನಲ್ಲಿ ‘ದಿ ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’ನಲ್ಲಿ ಬರೆದ ದೀರ್ಘ ಪ್ರಬಂಧ ಈ ಕೃತಿಯ ಬಗ್ಗೆ ಬಂದ ಅತ್ಯಂತ ಚರ್ಚಿತ ಆಕ್ಷೇಪ. ಕೃತಿಯ ಕುಸುರಿ ಕೆಲಸದಲ್ಲಿ ಕೊರತೆಯಿಲ್ಲ, ಆ ಪರಿಪೂರ್ಣತೆಯೇ ಸಮಸ್ಯೆ ಎಂಬುದು ಅವರ ವಾದ. ಭಾವಗೀತಾತ್ಮಕ ವಾಸ್ತವವಾದದ ಹಳೆಯ ಹಾದಿಯಲ್ಲೇ ಇದು ಸಾಗುತ್ತದೆಂದು ಹೇಳಿ, ಅವರು ಟಾಮ್ ಮೆಕಾರ್ಥಿಯ ‘ರಿಮೇಂಡರ್’ ಕಾದಂಬರಿಯನ್ನು ಎದುರಿಗಿಟ್ಟು ನೋಡಿದರು. ಹಾನ್ಸ್‌ನ ನೋವುಗಳೆಲ್ಲ ನಯವಾದ ವಾಕ್ಯಗಳಲ್ಲಿ ಕರಗಿ ಓದುಗರನ್ನು ಕಲಕದೆ ಹೋಗುವ ಕಡೆಗಳಲ್ಲಿ ಈ ಆಕ್ಷೇಪದ ಸತ್ಯ ಕಾಣುತ್ತದೆ.

ಹಾಗಾದರೆ ಅಷ್ಟು ಹೊಗಳಿಕೆ ಸುಳ್ಳೇ? ಸುಳ್ಳಲ್ಲ. ದಾಳಿಯ ನಂತರದ ನ್ಯೂಯಾರ್ಕ್‌ನ ದುಗುಡವನ್ನು ಗದ್ದಲವಿಲ್ಲದೆ ಹಿಡಿದ ಕೃತಿಗಾಗಿ ಅಲ್ಲಿನ ಓದುಗರು ಕಾದಿದ್ದರು, ಅದು ಇಲ್ಲಿ ಅವರಿಗೆ ಸಿಕ್ಕಿತು. ಬಹುತೇಕ ಅಮೆರಿಕನ್ನರಿಗೆ ಕ್ರಿಕೆಟ್ ಅಪರಿಚಿತ. ತಮ್ಮದೇ ನಗರದ ಮೂಲೆಯಲ್ಲಿ ಇಂಥ ಆಟ ನಡೆಯುತ್ತದೆಂಬ ಸಂಗತಿಯೇ ಅವರಿಗೆ ಬೆರಗು. ಬೆಂಗಳೂರಿನ ಗಲ್ಲಿಯಲ್ಲೋ ಕಿಂಗ್‌ಸ್ಟನ್ನಿನ ಬೀದಿಯಲ್ಲೋ ಆಡಿ ಬೆಳೆದವರಿಗೆ ಆ ಬೆರಗು ಇರಲಾರದು. ಅವರು ಹುಡುಕುವುದು ಆಟದ ಒಳಗನ್ನು.

ಆ ಒಳಗು ಬೇರೆ ಕಾದಂಬರಿಗಳಲ್ಲಿದೆ. ಶ್ರೀಲಂಕಾದ ಶೆಹಾನ್ ಕರುಣತಿಲಕ ಅವರ ‘ಚೈನಾಮನ್’ನಲ್ಲಿ ಕುಡಿತದಿಂದ ಸಾವಿನ ಅಂಚಿಗೆ ಬಂದ ಕ್ರೀಡಾ ಪತ್ರಕರ್ತನೊಬ್ಬ, ಎಲ್ಲರೂ ಮರೆತ ತಮಿಳು ಮೂಲದ ಸ್ಪಿನ್ನರ್ ಪ್ರದೀಪ್ ಮ್ಯಾಥ್ಯೂನನ್ನು ಹುಡುಕುತ್ತಾನೆ. ಚೆಂಡು ತಿರುಗುವ ಬಗೆಯಿಂದ ಹಿಡಿದು ದೇಶದ ಜನಾಂಗೀಯ ಬಿರುಕಿನವರೆಗೆ ಎಲ್ಲವೂ ಅಲ್ಲಿ ಆಟದ ಮೂಲಕವೇ ತಿಳಿಯುತ್ತವೆ. ‘ನೆದರ್‌ಲ್ಯಾಂಡ್’ ಪೈಪೋಟಿಯಲ್ಲಿದ್ದ 2008ರಲ್ಲಿ ಬೂಕರ್ ಗೆದ್ದವರು ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗ. ಮುಂದೆ 2016ರಲ್ಲಿ ಅವರು ಬರೆದ ‘ಸೆಲೆಕ್ಷನ್ ಡೇ’ಯಲ್ಲಿ, ಮುಂಬೈಯ ಬಡ ಚಟ್ನಿ ಮಾರಾಟಗಾರನೊಬ್ಬ ಇಬ್ಬರು ಮಕ್ಕಳನ್ನೂ ಕ್ರಿಕೆಟಿಗರಾಗಿಸಲು ಹಟ ತೊಡುತ್ತಾನೆ. ಆಯ್ಕೆಯಾದರೆ ಬದುಕು, ಇಲ್ಲದಿದ್ದರೆ ಕೊಳೆಗೇರಿ ಎಂಬ ಸ್ಥಿತಿ ಅಲ್ಲಿ ಪ್ರತಿ ಇನಿಂಗ್ಸ್‌ಗೂ ತೂಕ ಕೊಡುತ್ತದೆ.

ಆಡುವವರಿಗೆ ಆಟ ಎಷ್ಟು ಮುಖ್ಯವೋ ಅಷ್ಟೇ ಮುಖ್ಯತೆಯನ್ನು ಬರಹವೂ ಅದಕ್ಕೆ ಕೊಟ್ಟಾಗ ಮಾತ್ರ ಕ್ರೀಡೆಯ ಕಾದಂಬರಿ ಗೆಲ್ಲುತ್ತದೆ. ಒಂಟಿತನ ಮತ್ತು ದಾಂಪತ್ಯದ ಕಥೆಯಾಗಿ ‘ನೆದರ್‌ಲ್ಯಾಂಡ್’ ಓದಬೇಕಾದ ಕೃತಿಯೇ. ಕ್ರಿಕೆಟ್ ಕಾದಂಬರಿಯಾಗಿ ಅದು ತಾನೇ ತೆರೆದ ಬಾಗಿಲನ್ನು ಪೂರ್ತಿ ದಾಟುವುದಿಲ್ಲ. ಅಲ್ಲಿ ನಿರಾಸೆಗೊಂಡ ಓದುಗರು ತಮ್ಮ ರುಚಿಯನ್ನು ಅನುಮಾನಿಸಬೇಕಾಗಿಲ್ಲ. ಆಟದ ಬಗ್ಗೆ ಅವರಿಗಿರುವ ತಿಳಿವಳಿಕೆಯೂ ವಿಮರ್ಶೆಗೆ ಒಂದು ಸರಿಯಾದ ಅಳತೆಗೋಲೇ.